ಅವ್ವನ ಕಿಟಕಿಯ ಬೆಳ್ಳಕ್ಕಿ

ಸರ್ ತೀರಿಕೊಂಡ ಸುದ್ದಿ ನನಗೆ ಒಂದು ಬೇಡಿಕೆಯ ಜೊತೆಗೇ ಬಂತು. ನಾನು ಓದಿದ ಹೈಸ್ಕೂಲಿನಿಂದ ಫೋನು. ಮಾತಾಡಿದವರು ಅಲ್ಲಿಯ ಈಗಿನ ಚಿತ್ರಕಲಾ ಶಿಕ್ಷಕರು, ನನಗೆ ಪರಿಚಯವಿಲ್ಲ.

"ನಮಸ್ಕಾರ್ರಿ. ನಿಮ್ಮ ಡ್ರಾಯಿಂಗ್ ಸರ್ ಹೋದ್ರಲ್ರಿ, ಗೊತ್ತಾತಿಲ್ಲೋ? ಬರೂ ರವಿವಾರ ಸಾಲ್ಯಾಗ ಶ್ರದ್ಧಾಂಜಲಿ ಇಟ್ಟೇವ್ರಿ. ಹಳೇ ವಿದ್ಯಾರ್ಥಿಗಳ ಕಡೆ ಸರ್ ಬೆಳ್ಳಕ್ಕಿ ಇರೂ ಚಿತ್ರ ಅದಾವಲ್ರಿ, ಅವನ್ನೆಲ್ಲಾ ತರಿಸಿ ಗ್ವಾಡಿಗೆ ಹಚ್ಚಬೇಕಂತ ಮಾಡೇವಿ. ಸರ್ ತಗದ ಆ ಅಡಗಿಮನಿ ಚಿತ್ರ ನಿಮ್ಮ ಮನ್ಯಾಗ ಐತಂತಲ್ರಿ. ಅದೊಂದು ಬಂದ್ರ ಭಾಳ ಚಲೋ ಆಗ್ತಿತ್ತು."

"ಯಾವ ಚಿತ್ರ ರೀ?" ಎಂದೆ, ಗೊತ್ತಿದ್ದೂ.

"ಅದೇ ರೀ, ಒಲಿ ಮುಂದ ಒಬ್ಬಾಕಿ ಕುಂತಾಳ, ಕಿಡಕ್ಯಾಗ ಬೆಳ್ಳಕ್ಕಿ ಐತಿ. ಸರ್ ಜೀವಮಾನದಾಗ ತಗದ ಚಿತ್ರದಾಗ ಅದಕ್ಕ ಸರಿ ಯಾವುದೂ ಇಲ್ಲ ಅಂತಾರ ಎಲ್ಲಾರೂ."

ಒಲೆಯ ಮುಂದೆ ಕೂತಿರುವ ಆ 'ಒಬ್ಬಾಕಿ' ನನ್ನ ಅವ್ವ. ಆ ಅಡಿಗೆಮನೆ ಉಗಾರ ಬುದ್ರುಕದ ನಮ್ಮ ಮನೆಯದು. ಆ ಚಿತ್ರ ಬರೆದವಳು ನಾನು. ಆದರೆ ಗುರುತಿಲ್ಲದವರ ಜೊತೆ, ಅದೂ ಸತ್ತವರ ವಿಷಯದಲ್ಲಿ, ಫೋನಿನಲ್ಲಿ ಜಗಳ ತೆಗೆಯುವುದು ಹೇಗೆ? "ತರ್ತೇನ್ರಿ" ಎಂದು ಇಟ್ಟುಬಿಟ್ಟೆ. ಆಮೇಲೆ ಹಾಸ್ಟೆಲಿನ ಕೋಣೆಯಲ್ಲಿ ಕೂತು ಅತ್ತೆ. ದುಃಖಕ್ಕೋ ಸಿಟ್ಟಿಗೋ ತಿಳಿಯಲಿಲ್ಲ. ಎರಡಕ್ಕೂ ಇರಬೇಕು.

ಸರ್ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲಿ ಯಾರ ಹೆಸರು ಹಾಕಬೇಕು ಎಂಬ ವಿಷಯದಲ್ಲಿ ನಾನು ಅವರಿಗಿಂತ ಸ್ವಲ್ಪ ಜಾಗರೂಕಳು.

ಅವರು ನಿಪ್ಪಾಣಿ ಕಡೆಯವರು. ಅಕ್ಕೋಳದ ಹತ್ತಿರ ತಂಬಾಕಿನ ಹೊಲವಿದ್ದ ಮನೆತನ. ಹೊಲ ತಮ್ಮಂದಿರಿಗೆ ಬಿಟ್ಟು ಬಂದರೂ ತಂಬಾಕನ್ನು ಮಾತ್ರ ಬಿಟ್ಟಿರಲಿಲ್ಲ. ಎಡ ಅಂಗೈಯಲ್ಲಿ ಎಸಳು, ಸುಣ್ಣ. ಬಲಗೈ ಹೆಬ್ಬೆರಳು ತಿಕ್ಕುತ್ತಲೇ ಇರುತ್ತಿತ್ತು. ನಮ್ಮ ಚಿತ್ರ ಹೇಗಿದೆ ಎಂದು ತಿಳಿಯಲು ನಾವು ಅವರ ಮುಖ ನೋಡುತ್ತಿರಲಿಲ್ಲ, ಆ ಹೆಬ್ಬೆರಳನ್ನು ನೋಡುತ್ತಿದ್ದೆವು. ಚಿತ್ರ ಸಾಧಾರಣವಾಗಿದ್ದರೆ ತಂಬಾಕು ಬೇಗ ಬಾಯಿಗೆ ಹೋಗುತ್ತಿತ್ತು. ಚೆನ್ನಾಗಿದ್ದರೆ ತಿಕ್ಕುತ್ತಾ ತಿಕ್ಕುತ್ತಾ ಬಾಯಿಗೆ ಹಾಕುವುದನ್ನೇ ಮರೆತುಬಿಡುತ್ತಿದ್ದರು. ಒಮ್ಮೆ ನನ್ನ ಚಿತ್ರದ ಮುಂದೆ ನಿಂತು ತಿಕ್ಕಿ ತಿಕ್ಕಿ ಕೊನೆಗೆ ಅಂಗೈಯಲ್ಲಿ ಬರೀ ಧೂಳು ಉಳಿದು, ಅದನ್ನು ಪಂಚೆಗೆ ಒರೆಸಿಕೊಂಡು ಹೋದರು. ಆ ರಾತ್ರಿ ನನಗೆ ಸಂತೋಷಕ್ಕೆ ಊಟವೇ ಬೇಡವಾಗಿತ್ತು ಎಂದು ಬರೆಯಬೇಕೆನಿಸುತ್ತದೆ. ನಮ್ಮದು ಜೈನರ ಮನೆ, ರಾತ್ರಿ ಊಟ ಹೇಗೂ ಇರಲಿಲ್ಲ.

ಅವರ ಮೊದಲ ಪಾಠ ಹಸಿರು ಬಾಟಲಿಯದು. ಎಂಟನೆಯ ತರಗತಿಗೆ ಬಂದ ಮೊದಲ ವಾರವೇ ಎಲ್ಲರ ಬಣ್ಣದ ಡಬ್ಬಿಯಿಂದ ಹಸಿರು ಬಾಟಲಿಯನ್ನು ತೆಗೆದು ತಮ್ಮ ಮೇಜಿನ ಡ್ರಾವರಿನಲ್ಲಿ ಹಾಕಿ ಕೀಲಿ ಹಾಕಿದರು.

"ಕಬ್ಬು ಹಸರು ಅಂತ ನಿಮಗ ಯಾರು ಹೇಳಿದ್ರು?"

ನಾವು ನಕ್ಕೆವು. ಸುತ್ತ ಎಲ್ಲಿ ನೋಡಿದರೂ ಕಬ್ಬೇ ಇರುವ ಊರು ನಮ್ಮದು, ಅದು ಹಸಿರು ಎಂದು ಬೇರೆ ಯಾರಾದರೂ ಹೇಳಬೇಕೆ?

"ನಗಬ್ಯಾಡ್ರಿ. ಹೋಗಿ ನೋಡಿ ಬರ್ರಿ. ನಾಳೆ ಬಂದು ಕಬ್ಬಿನ್ಯಾಗ ಹಸರು ಬಿಟ್ಟು ಮತ್ತೇನು ಕಂಡಿತು ಅಷ್ಟು ಹೇಳ್ರಿ, ಸಾಕು."

ನಾನು ಹೋಗಿ ನಮ್ಮ ಹೊಲದ ಬದುವಿನ ಮೇಲೆ ನಿಂತೆ. ಗಣಿಕೆಯ ಮೇಲೆ ಬೂದಿ ಹಚ್ಚಿದಂಥ ಬಿಳುಪು ಇತ್ತು. ಎಲೆಯ ನಡುವಿನ ನರ ಬಿಳಿ. ಬುಡಕ್ಕೆ ಹೋಗುತ್ತಾ ನೇರಳೆ. ಒಣಗಿ ಉದುರಿದ ಎಲೆ, ನಮ್ಮ ಕಡೆಯ ರವದಿ, ಹಳೆಯ ಹುರಿಹಗ್ಗದ ಬಣ್ಣ. ಗಾಳಿ ಬಂದಾಗ ಇಡೀ ಹೊಲ ಒಂದು ಕ್ಷಣ ಬೆಳ್ಳಿಯ ಹಾಗೆ ತಿರುಗಿ ಮತ್ತೆ ಕಪ್ಪಾಯಿತು. ಹುಟ್ಟಿದಾಗಿನಿಂದ ಅದರ ನಡುವೆಯೇ ಓಡಾಡಿದವಳು ಅಂದು ಮೊದಲ ಸಲ ಕಬ್ಬು ನೋಡಿದೆ. ಇದನ್ನು ಕೊಟ್ಟವರು ಅವರು. ಇಲ್ಲವೆನ್ನಲು ನನ್ನ ಬಾಯಿ ಬರುವುದಿಲ್ಲ, ಅದೇ ತೊಂದರೆ. ಅವರು ಬರೀ ಕೆಟ್ಟವರಾಗಿದ್ದರೆ ನನ್ನ ಕೆಲಸ ಎಷ್ಟು ಹಗುರವಾಗುತ್ತಿತ್ತು!

ಒಂದು ವರ್ಷ ಕೃಷ್ಣೆ ಏರಿ ನಮ್ಮ ಓಣಿಗೂ ಬಂದಳು. ನೀರು ಇಳಿದ ಮೇಲೆ ಊರಿಗೆ ಊರೇ ಮನೆಯೊಳಗಿನ ರಾಡಿ ಬಳಿದು ಹೊರಗೆ ಚೆಲ್ಲುತ್ತಿತ್ತು. ಸರ್ ತಮ್ಮ ಹಳೆಯ ಲೂನಾ ಮೇಲೆ ಬಂದರು, ಕೈಚೀಲದ ತುಂಬ ಉಪ್ಪಿನಕಾಯಿಯ ಖಾಲಿ ಬಾಟಲಿಗಳು. ಒಂದೊಂದು ಮನೆಯ ಮುಂದೆ ನಿಂತು ಒಂದೊಂದು ಬಾಟಲಿಗೆ ಆ ರಾಡಿ ತುಂಬಿಕೊಳ್ಳತೊಡಗಿದರು.

ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಸಲಿಕೆ ಹಿಡಿದು ನಿಂತಿದ್ದಳು. "ಇದೇನ್ ಸರ, ಊರ ಮಂದೆಲ್ಲಾ ರಾಡಿ ತಗದು ಒಗ್ಯಾಕತ್ತಾರ, ನೀವು ಬಾಟ್ಲ್ಯಾಗ ತುಂಬಾಕತ್ತೀರಿ?"

"ಹೊಳಿ ಮನಿಗೆ ಬಂದಾಗ ಏನರ ತಂದಿರ್ತೈತ್ರೀ ಅವ್ವಾರ. ನೋಡಲಾರದ ಒಗೀಬಾರದು."

ಅವ್ವ ನಕ್ಕು, ನಮ್ಮ ಮನೆಯ ರಾಡಿ ಎಷ್ಟು ಬೇಕಾದರೂ ಒಯ್ಯಿರಿ ಎಂದಳು. ಆ ಮೆಕ್ಕಲು ಮಣ್ಣು ಒಣಗಿಸಿ, ಬಟ್ಟೆಯಲ್ಲಿ ಸೋಸಿ, ಜಾಲಿಯ ಅಂಟು ಕಲಸಿ ಬಣ್ಣ ಮಾಡುವುದನ್ನು ಸರ್ ನನಗೆ ಕಲಿಸಿದರು. ಬೂದು, ಗೋಧಿ ಬಣ್ಣ, ಎಮ್ಮೆಯ ಮೈ ಬಣ್ಣ. ಅಂಗಡಿಯ ಬಣ್ಣ ಮುಗಿದ ದಿನವೇ ಚಿತ್ರ ಶುರುವಾಗುವುದು ಎನ್ನುತ್ತಿದ್ದರು. ಒಲೆಯ ಮಸಿ ಹೇಗೆ ಕೂಡಿಸಬೇಕು, ಅರಿಶಿನ ಹೇಗೆ ಹಿಂಡಬೇಕು ಎಲ್ಲ ಅವರಿಂದಲೇ. ಅರಿಶಿನದ ಬಗ್ಗೆ ಮಾತ್ರ ಒಂದು ಎಚ್ಚರಿಕೆ ಇತ್ತು.

"ಅರಿಶಿಣ ನಂಬಬ್ಯಾಡ. ನೆಳ್ಳಿನ್ಯಾಗ ಇಟ್ರ ಮದುಮಗಳಂಗ ಇರ್ತೈತಿ. ಬಿಸಲಿಗೆ ಒಯ್ದಿಟ್ಟಿ, ಹೇಳಲಾರದ ಓಡಿ ಹೋಗ್ತೈತಿ. ಮಸಿ ನಂಬು. ಅದು ಸಾಯೂತನಕ ಇರ್ತೈತಿ."

ಇನ್ನು ಬೆಳ್ಳಕ್ಕಿ. ಅದನ್ನು ಹೇಳದೆ ಸರ್ ಬಗ್ಗೆ ಬರೆಯಲಾಗದು. ಅವರ ಅಂಗಿಯ ಕಿಸೆಯಲ್ಲಿ ಬಿಳಿ ಬಣ್ಣದ ಒಂದು ಟ್ಯೂಬು, ಕೂದಲು ಸವೆದ ಒಂದು ಸಣ್ಣ ಕುಂಚ ಯಾವಾಗಲೂ ಇರುತ್ತಿದ್ದವು. ವಿದ್ಯಾರ್ಥಿಯ ಚಿತ್ರ ನಿಜವಾಗಿ ಮನಸ್ಸಿಗೆ ಬಂದರೆ ಅವರು ಮಾತಾಡುತ್ತಿರಲಿಲ್ಲ. ಕುಂಚ ತೆಗೆದು, ನಾಲಗೆಗೆ ಹಚ್ಚಿ ಚೂಪು ಮಾಡಿ, ಚಿತ್ರದಲ್ಲಿ ಎಲ್ಲಾದರೂ ಒಂದು ಕಡೆ ಬೆಳ್ಳಕ್ಕಿ ಕೂರಿಸುತ್ತಿದ್ದರು. ಕೊಕ್ಕಿಲ್ಲ, ಕಣ್ಣಿಲ್ಲ, ಕಾಲಿಲ್ಲ. ಬರೀ ಬಿಳಿಯ ಕೆಲವು ಗೀರು. ಆದರೆ ಅದು ಬೆಳ್ಳಕ್ಕಿಯೇ, ಈಗ ತಾನೇ ಇಳಿದದ್ದು, ಮುಟ್ಟಹೋದರೆ ಹಾರುವಂಥದ್ದು. ಕಾಗವಾಡದಿಂದ ರಾಯಬಾಗದವರೆಗೆ ಎಷ್ಟೋ ಮನೆಗಳ ಗೋಡೆಯ ಮೇಲೆ ಚೌಕಟ್ಟು ಹಾಕಿಸಿಟ್ಟ ಇಂಥ ಚಿತ್ರಗಳಿವೆ. "ನಮ್ಮ ಹುಡಗಗ ಸರ್ ಬೆಳ್ಳಕ್ಕಿ ಕೊಟ್ಟಾರ" ಎಂದು ತಂದೆತಾಯಿ ಹೇಳಿಕೊಳ್ಳುತ್ತಿದ್ದರು. ಬೆಳ್ಳಕ್ಕಿ ಬಂದ ಚಿತ್ರ ಪಾಸು, ಬಾರದ್ದು ನಪಾಸು, ಅಷ್ಟೇ ನಮ್ಮ ಲೆಕ್ಕ.

"ಸರ್, ನೀವು ನಿಮ್ಮವು ಚಿತ್ರ ತಗಿಯಂಗಿಲ್ಲೇನ್ರಿ?" ಎಂದು ನಾನೊಮ್ಮೆ ಕೇಳಿದ್ದೆ.

"ತಗೀತೇನಲ್ಲ, ನಿಮ್ಮದರಾಗ" ಎಂದು ನಕ್ಕಿದ್ದರು. ನನಗೂ ಅದು ಆಗ ದೊಡ್ಡ ಮಾತಾಗಿ ಕೇಳಿತ್ತು.

ಪಿಯುಸಿಗೆ ಬಂದ ಮೇಲೂ ರವಿವಾರಗಳಂದು ನಾನು ಅವರ ಹತ್ತಿರ ಹೋಗುತ್ತಿದ್ದೆ. ಕೆಲವು ಸಲ ಅವರೇ ನಮ್ಮ ಮನೆಗೆ ಬರುತ್ತಿದ್ದರು. ಹಾಗೆ ಬಂದ ಒಂದು ಸಂಜೆ ಅವ್ವ ಅವರನ್ನು ಊಟಕ್ಕೆ ಎಬ್ಬಿಸಿದಳು. "ಹೊತ್ತು ಮುಳಗಾಕ ಬಂತು ಸರ, ಏಳ್ರಿ. ಆಮ್ಯಾಲ ನಮ್ಮಲ್ಲಿ ಒಲಿ ಆರ್ತೈತಿ, ನೀರೂ ಸಿಗಂಗಿಲ್ಲ." ಹೊತ್ತು ಮುಳುಗುವ ಮೊದಲು ಎಲ್ಲರ ಊಟ ಮುಗಿಸುವ ಅವಸರದಲ್ಲಿ ಅವ್ವನ ಕೈ ಹೇಗೆ ಓಡುತ್ತದೆಂದು ನೋಡಬೇಕು. ಒಂದು ಕೈಯಲ್ಲಿ ರೊಟ್ಟಿ ತಟ್ಟುತ್ತಾ, ಇನ್ನೊಂದರಲ್ಲಿ ಉರಿ ಸರಿಸುತ್ತಾ, ಬೆನ್ನ ಹಿಂದಿನ ಕಿಟಕಿಯ ಬೆಳಕು ಎಷ್ಟು ಉಳಿದಿದೆ ಎಂಬುದನ್ನು ತಿರುಗಿ ನೋಡದೆಯೇ ತಿಳಿಯುತ್ತಾಳೆ. ಎದುರಿನ ಮಸಿಗೋಡೆಯ ಮೇಲೆ ಬೀಳುವ ಹಳದಿ ತೆಳ್ಳಗಾಗುವುದೇ ಅವಳ ಗಡಿಯಾರ. ಸರ್ ತುತ್ತು ಕೈಯಲ್ಲಿ ಹಿಡಿದುಕೊಂಡೇ ಅದನ್ನು ನೋಡುತ್ತ ಕೂತರು. ಹೋಗುವಾಗ ಬಾಗಿಲಲ್ಲಿ ನಿಂತು, "ತಂಗಿ, ನೀ ಹೊಳಿಗೆ ಹೋಗಿ, ಕಬ್ಬಿಗೆ ಹೋಗಿ ಚಿತ್ರ ಹುಡುಕಾಕತ್ತೀದಿ. ಒಳಗ ಐತಲ್ಲವಾ ಅದು" ಎಂದರು.

ಆ ಚಳಿಗಾಲವೆಲ್ಲ ನಾನು ಆ ಚಿತ್ರ ಮಾಡಿದೆ. ಗೋಡೆಗೆ ನಮ್ಮದೇ ಒಲೆಯ ಮಸಿ, ಅವ್ವನ ಸೀರೆಗೆ ಹೊಳೆಯ ಮೆಕ್ಕಲು, ಉರಿಗೆ ಕೆಂಪು ಮಣ್ಣು. ಕಿಟಕಿಯಲ್ಲಿ ಏನೂ ಬರೆಯಲಿಲ್ಲ. ಅರಿಶಿನದ ನೀರನ್ನು ತೆಳ್ಳಗೆ ಒಂದೇ ಸಲ ಎಳೆದು ಬಿಟ್ಟೆ. ಉಳಿದಿರುವ ಹೊತ್ತು ಅಷ್ಟೇ, ಅದೇ ಆ ಚಿತ್ರದ ಜೀವ.

ಸರ್ ಬಂದು ನೋಡಿದರು. ಹೆಬ್ಬೆರಳು ತಿಕ್ಕುವುದು ನಿಂತಿತು. ಅದು ನಿಂತದ್ದನ್ನು ನಾನು ಮೊದಲ ಸಲ ನೋಡಿದೆ.

"ಸರ್, ಅರಿಶಿಣ ಹಾಕೀನ್ರಿ. ಓಡಿ ಹೋಗ್ತೈತೇನೋ" ಎಂದೆ ಅಂಜುತ್ತಾ.

"ಈ ಬೆಳಕು ಓಡಿ ಹೋಗೂದೇ ಐತಿ. ಬರೋಬ್ಬರಿ ಐತಿ."

ಕಿಸೆಗೆ ಕೈ ಹಾಕುತ್ತಾರೆಂದು ಕಾದೆ. ಹಾಕಿದರು, ಟ್ಯೂಬು ಹೊರಗೂ ಬಂತು. ಸ್ವಲ್ಪ ಹೊತ್ತು ಹಿಡಿದುಕೊಂಡು ನಿಂತು ಮತ್ತೆ ಒಳಗೆ ಇಟ್ಟರು. "ಇದಕ್ಕ ಬೆಳ್ಳಕ್ಕಿ ಬ್ಯಾಡವಾ. ಆ ಕಿಡಕಿ ಖಾಲಿ ಇಲ್ಲ, ತುಂಬೈತಿ. ಇದರಾಗ ಇನ್ನೊಬ್ಬರ ಕೈ ಬರಬಾರದು." ಅಷ್ಟು ವರ್ಷ ಬೆಳ್ಳಕ್ಕಿಗಾಗಿ ಬಾಯಿ ಬಿಟ್ಟವಳಿಗೆ, ಬೆಳ್ಳಕ್ಕಿ ಬೇಡವೆನ್ನಿಸಿಕೊಳ್ಳುವುದು ಅದಕ್ಕಿಂತ ದೊಡ್ಡದೆಂದು ಆ ದಿನ ತಿಳಿಯಿತು. ಅವರ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ಆ ವರ್ಷ ಚಿಕ್ಕೋಡಿಯಲ್ಲಿ ಸರ್ ತಮ್ಮ ವಿದ್ಯಾರ್ಥಿಗಳ ಒಂದು ಪ್ರದರ್ಶನ ಇಟ್ಟರು. ಅವರ ಜೊತೆಗೆ ಕಲಿತು ದೊಡ್ಡ ಹೆಸರು ಮಾಡಿದ ಚಿತ್ರಕಾರರೊಬ್ಬರು ಕೊಲ್ಹಾಪುರದಿಂದ ಬರುವವರಿದ್ದರು. ಬಂದು ನೋಡಿ, ಒಬ್ಬ ವಿದ್ಯಾರ್ಥಿಯನ್ನು ಆರಿಸಿ ತಮ್ಮ ಚಿತ್ರಶಾಲೆಗೆ ಕರೆದುಕೊಳ್ಳುತ್ತೇನೆ ಎಂದಿದ್ದರು. ಒಂದೇ ಷರತ್ತು: ಚಿತ್ರದಲ್ಲಿ ಮೇಷ್ಟ್ರ ಕೈ ಇರಕೂಡದು. ಸರ್ ನಮ್ಮನ್ನೆಲ್ಲ ಕೂರಿಸಿಕೊಂಡು, "ಈ ಸಲ ಯಾರ ಚಿತ್ರದಾಗೂ ಬೆಳ್ಳಕ್ಕಿ ಇರಂಗಿಲ್ಲ. ಹಳೇವು ಮನ್ಯಾಗ ಇಡ್ರಿ, ಹೊಸಾವು ತರ್ರಿ" ಎಂದು ತಾವೇ ತಾಕೀತು ಮಾಡಿದರು.

ನನಗೆ ಅದು ಆಟವಾಗಿರಲಿಲ್ಲ. ಅಪ್ಪನಿಗೆ ಚಿತ್ರದ ಮೇಲೆ ದ್ವೇಷವಿರಲಿಲ್ಲ, ನಂಬಿಕೆ ಇರಲಿಲ್ಲ. ಪಿಯುಸಿ ಮುಗಿದ ಕೂಡಲೇ ಅಥಣಿಯಲ್ಲಿ ಬಿ.ಕಾಂ ಎಂದು ನಿಶ್ಚಯವಾಗಿತ್ತು. ನಾನು ಅತ್ತೂ ಕರೆದೂ ಒಂದು ಮಾತು ಪಡೆದಿದ್ದೆ. "ನನಗ ಇದರಾಗ ತಿಳಿಯಂಗಿಲ್ಲ. ತಿಳದಾವರು ಹೊರಗಿಂದ ಬಂದು, ಇಕೀ ಕೈಯಾಗ ಏನೋ ಐತಿ ಅಂತ ಒಂದು ಸಲ ಅನ್ಲಿ. ನಾನೇ ಕೊಲ್ಹಾಪುರಕ್ಕ ಬಿಟ್ಟು ಬರ್ತೇನಿ." ಅಪ್ಪನ ಈ ಮಾತನ್ನು ನಾನು ಸರ್‌ಗೆ ಹೇಳಿದ್ದೆ. ಅವರಿಗೆ ಎಲ್ಲ ಗೊತ್ತಿತ್ತು, ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು.

ಪ್ರದರ್ಶನದ ದಿನ ಬೆಳಿಗ್ಗೆ ಚಿತ್ರಗಳನ್ನು ತೂಗುಹಾಕಿ ನಾವು ಹುಡುಗಿಯರೆಲ್ಲ ಬುತ್ತಿ ಬಿಚ್ಚಲು ಹಿತ್ತಲಿಗೆ ಹೋದೆವು. ಸಭಾಂಗಣದಲ್ಲಿ ಸರ್ ಒಬ್ಬರೇ ಇದ್ದರು. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ ಬಂದವಳು ನನ್ನ ಚಿತ್ರದ ಮುಂದೆ ನಿಂತುಬಿಟ್ಟೆ. ಅವ್ವನ ಕಿಟಕಿಯಲ್ಲಿ ಬೆಳ್ಳಕ್ಕಿ ಕೂತಿತ್ತು.

ಬೆರಳು ಮುಟ್ಟಿಸಿದೆ. ತುದಿಗೆ ಬಿಳಿ ಅಂಟಿತು. ಇನ್ನೂ ಹಸಿ.

"ಸರ್, ಇದು?"

ಅವರು ನನ್ನ ಕಡೆ ತಿರುಗಲಿಲ್ಲ. ತಂಬಾಕು ತಿಕ್ಕುತ್ತಿದ್ದರು. "ಖಾಲಿ ಕಾಣಾಕತ್ತಿತ್ತು."

ಏನು ಕೇಳಬೇಕೆಂದು ಹೊಳೆಯುವ ಮೊದಲೇ ಹೊರಗೆ ಕಾರು ನಿಂತ ಸದ್ದಾಯಿತು. ಕೊಲ್ಹಾಪುರದವರು ಬಂದರು, ಎತ್ತರದ ಆಳು, ಬಿಳಿ ಗಡ್ಡ, ಜೋರು ದನಿ. ಒಂದೊಂದೇ ಚಿತ್ರ ನೋಡುತ್ತಾ ಬಂದವರು ನನ್ನದರ ಮುಂದೆ ನಿಂತರು. ಹಿಂದೆ ಸರಿದರು, ಮತ್ತೆ ಮುಂದೆ ಬಂದರು. ಆಮೇಲೆ ಅವರ ಕಣ್ಣು ಕಿಟಕಿಗೆ ಹೋಯಿತು. ಸರ್ ಬೆನ್ನಿಗೆ ಛಟೀರೆಂದು ಒಂದು ಹೊಡೆತ ಹೊಡೆದು, "ಅರೆ, ಹಾ ತರ ತುಝಾ ಬಗಳಾ! ಚಿತ್ರ ತುಝಂಚ ಆಹೆ ನಾ?" ಎಂದರು. ಗಡಿಯವರಿಗೆ ಮರಾಠಿಗೆ ದುಭಾಷಿ ಬೇಕಿಲ್ಲ. ಇದು ನಿನ್ನ ಬೆಳ್ಳಕ್ಕಿಯಲ್ಲವೇನೋ, ಚಿತ್ರ ನಿನ್ನದೇ ತಾನೆ ಎಂದು ಕೇಳುತ್ತಿದ್ದರು. ಕಲಿಯುವ ದಿನಗಳಿಂದಲೂ ಸರ್ ಬೆಳ್ಳಕ್ಕಿ ಅವರಿಗೆ ಗೊತ್ತಿತ್ತು. ಇಷ್ಟು ವರ್ಷ ಎಲ್ಲಿ ಅಡಗಿಸಿಟ್ಟಿದ್ದೆ ಇದನ್ನು, ಮಕ್ಕಳ ಚಿತ್ರದ ನಡುವೆ ಯಾಕೆ ಹಾಕಿದೆ ಎಂದೆಲ್ಲ ಒಂದೇ ಉಸಿರಿನಲ್ಲಿ ಕೇಳಿದರು.

ಸರ್ ಹೌದೆನ್ನಲಿಲ್ಲ. ಅಲ್ಲವೆನ್ನಲಿಲ್ಲ. ತಲೆ ತಗ್ಗಿಸಿ ನಕ್ಕರು. ಹೊಸ ಅಳಿಯನನ್ನು ಹತ್ತು ಮಂದಿಯ ಮುಂದೆ ಹೊಗಳಿದಾಗ ನಗುತ್ತಾನಲ್ಲ, ಹಾಗೆ.

ನಾನು ಬಾಯಿ ತೆರೆದೆ. "ಸರ್..." ಎಂದೆ. ಆಗ ಅವರು ನನ್ನನ್ನು ನೋಡಿದರು. ಆ ದಿನ ಅವರು ನನ್ನನ್ನು ನೋಡಿದ್ದು ಅದೊಂದೇ ಸಲ.

"ತಂಗಿ, ಹೋಗಿ ಚಾ ಹೇಳಿ ಬಾ."

ನಾನು ಹೋದೆ. ಹೇಳಿ ಬಂದದ್ದಷ್ಟೇ ಅಲ್ಲ, ತಟ್ಟೆಯಲ್ಲಿ ಕಪ್ಪುಗಳನ್ನು ಇಟ್ಟುಕೊಂಡು ನಾನೇ ತಂದೆ. ಅಷ್ಟರಲ್ಲಿ ನನ್ನ ಚಿತ್ರವನ್ನು ಮಕ್ಕಳ ಸಾಲಿನಿಂದ ತೆಗೆದು ವೇದಿಕೆಯ ಮೇಲೆ ಬೇರೆ ಇಟ್ಟಿದ್ದರು. ಕೊಲ್ಹಾಪುರದವರು ಭಾಷಣದಲ್ಲಿ, ಹಳ್ಳಿಯ ಮೂಲೆಯಲ್ಲಿ ಕೂತೂ ಇಂಥ ಕೆಲಸ ಮಾಡುವ ತಮ್ಮ ಗೆಳೆಯನ ಬಗ್ಗೆ ಬಹಳ ಹೊತ್ತು ಮಾತಾಡಿದರು. ಚಪ್ಪಾಳೆ ಬಿತ್ತು. ಆಯ್ಕೆಯಾದವನು ಬೇಡಕಿಹಾಳದ ಒಬ್ಬ ಹುಡುಗ. ಅವನ ಮೇಲೆ ನನಗೇನೂ ಇಲ್ಲ, ಒಳ್ಳೆಯ ಕೈ.

ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಎಲ್ಲರೂ ಕೇಳಿರುತ್ತಾರೆ. ಮೇಯಿಸಿಕೊಂಡ ಹೊಲವನ್ನು ಯಾರೂ ಕೇಳುವುದಿಲ್ಲ. ಎಲ್ಲರೂ ಹೋದ ಮೇಲೆ ವೇದಿಕೆಯಿಂದ ಚಿತ್ರ ಇಳಿಸಿಕೊಂಡು ಮನೆಗೆ ಬಂದು ಹೇಳಿದಾಗ ಅಪ್ಪ, "ಗುರುಗಳ ಮ್ಯಾಲ ಹಂಗೆಲ್ಲಾ ಅನಬಾರದು. ನಿನ್ನ ಆರಿಸಲಿಲ್ಲ, ಮುಗೀತು. ಸಿಟ್ಟಿಗೆ ಇನ್ನೊಬ್ಬರ ಹೆಸರ ಕೆಡಸಬ್ಯಾಡ" ಎಂದ. ಗೆಳತಿಯರೂ ನಂಬಲಿಲ್ಲ. ಸರ್ ಬೆಳ್ಳಕ್ಕಿ ಇದ್ದ ಮೇಲೆ ಸರ್ ಕೈ ಇತ್ತೆಂದೇ ಅರ್ಥ; ಆ ಗುರುತನ್ನು ಇಡೀ ಸೀಮೆಗೆ ಕಲಿಸಿದವರೇ ಅವರು. ನಂಬಿದವಳು ಅವ್ವ ಒಬ್ಬಳೇ. ಚಿತ್ರವನ್ನು ಹತ್ತಿರ ಹಿಡಿದು ನೋಡಿ, "ಇದು ನಿಂದಲ್ಲ ಬಿಡು, ಈ ಹಕ್ಕಿ. ಆ ಹೊತ್ತಿನ್ಯಾಗ ನನಗ ಕಿಡಕಿ ಹೊರಗ ನೋಡಾಕ ಎಲ್ಲಿ ಪುರಸೊತ್ತು? ನಾ ನೋಡಲಾರದ್ದು ನೀ ಹೆಂಗ ತಗೀತಿ?" ಎಂದಳು.

ಬೆಳ್ಳಕ್ಕಿಯನ್ನು ತೆಗೆಯಲು ನೋಡಿದೆ. ಒದ್ದೆ ಹತ್ತಿ ತಾಗಿಸಿದರೆ ಬಿಳಿಯ ಜೊತೆ ಅರಿಶಿನವೂ ಎದ್ದು ಬರುತ್ತಿತ್ತು, ಪಕ್ಕದ ಮಸಿಯೂ ಹರಿಯುತ್ತಿತ್ತು. ಅಂಟಿನಲ್ಲಿ ಕಲಸಿದ ಮಣ್ಣು ನೀರಿಗೆ ನಿಲ್ಲುವುದಿಲ್ಲ. ಅವರಿಗೂ ಅದು ಗೊತ್ತು. ಕೈಬಿಟ್ಟು, ಚಿತ್ರವನ್ನು ಕಾಳು ತುಂಬಿಡುವ ಹಗೇವಿನ ಕತ್ತಲ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಇಟ್ಟೆ.

ಅಥಣಿಯಲ್ಲಿ ಬಿ.ಕಾಂಗೆ ಸೇರಿದೆ. ಅಲ್ಲಿಯ ಬಸ್ ನಿಲ್ದಾಣದಲ್ಲಿ ಒಮ್ಮೆ ಸರ್ ಸಿಕ್ಕರು. ನಿವೃತ್ತಿಯಾಗಿತ್ತು, ಸೊರಗಿದ್ದರು. ತಪ್ಪಿಸಿಕೊಂಡು ಹೋಗುತ್ತಾರೆಂದುಕೊಂಡರೆ ನೇರ ನನ್ನ ಹತ್ತಿರವೇ ಬಂದರು.

"ಚಿತ್ರ ತಗ್ಯಾಕತ್ತೀದಿ?"

"ಹೂಂ ರೀ ಸರ್."

ಅಂಗೈ ತಿಕ್ಕಿಕೊಂಡರು. ಅದರಲ್ಲಿ ತಂಬಾಕು ಇರಲಿಲ್ಲ, ಡಾಕ್ಟರು ಬಿಡಿಸಿದ್ದರಂತೆ. "ಆ ಚಿತ್ರ ಎಲ್ಲೈತಿ?"

"ಮನ್ಯಾಗ ಐತ್ರಿ. ಗ್ವಾಡಿ ಕಡೆ ಮಾರಿ ಮಾಡಿ ಇಟ್ಟೇನಿ."

ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. ನನಗೆ ಬೇಕಾಗಿದ್ದದ್ದು ಒಂದು ಮಾತು. ತಪ್ಪಾತವಾ ಎಂದು ಅಷ್ಟೇ ಅಂದಿದ್ದರೆ ಆ ಬಸ್ ನಿಲ್ದಾಣದಲ್ಲೇ ಎಲ್ಲವನ್ನೂ ಬಿಟ್ಟುಬಿಡುತ್ತಿದ್ದೆ, ಆಣೆ ಮಾಡಿ ಹೇಳುತ್ತೇನೆ.

"ಚಲೋ ಮಾಡಿದಿ. ಅರಿಶಿಣ ಐತಿ, ಬಿಸಲಿಗೆ ಇಡಬ್ಯಾಡ" ಎಂದರು. ಅವರ ಬಸ್ಸು ಬಂತು, ಹತ್ತಿ ಹೋದರು. ಅದೇ ಕೊನೆ.

ಕೊನೆಗೆ ಅವ್ವನೇ ಹಟ ಹಿಡಿದಳು. ಬಿ.ಕಾಂ ನಡುವೆಯೇ ಬಿಡಿಸಿ, ಅಪ್ಪನನ್ನು ಒಪ್ಪಿಸಿ, ನನ್ನನ್ನು ಧಾರವಾಡದ ಕಲಾ ಕಾಲೇಜಿಗೆ ಕಳಿಸಿದಳು. ಈಗ ಕೊನೆಯ ವರ್ಷ. ಇಲ್ಲಿಯವರು ನಿನ್ನ ಚಿತ್ರಗಳಿಗೆ ಪ್ರೇರಣೆ ಏನು ಎಂದು ಕೇಳುತ್ತಾರೆ. ಹೊಳೆ, ಕಬ್ಬು, ದ್ರಾಕ್ಷಿ ಹಂದರದ ನೆರಳು, ಅವ್ವನ ಅಡಿಗೆಮನೆ ಎನ್ನುತ್ತೇನೆ. ಇನ್ನೊಂದು ಹೆಸರು ಬಾಯಿಯವರೆಗೂ ಬಂದು ಒಳಗೆ ಹೋಗುತ್ತದೆ. ಕ್ಲಾಸಿನವರಿಗೆ ನನ್ನ ಒಂದು ಚಾಳಿ ನಗೆಪಾಟಲು: ಮುಗಿದ ಚಿತ್ರವನ್ನು ಬಿಟ್ಟು ನಾನು ಊಟಕ್ಕೆ ಹೋಗುವುದಿಲ್ಲ, ಡಬ್ಬಿ ತಂದು ಅದರ ಮುಂದೆಯೇ ಕೂತು ಉಣ್ಣುತ್ತೇನೆ. ಚಿತ್ರಕ್ಕೆ ನೈವೇದ್ಯವೇ ಎನ್ನುತ್ತಾರೆ. ಅನ್ನಲಿ.

ಶ್ರದ್ಧಾಂಜಲಿಯ ರವಿವಾರ ಚಿತ್ರವನ್ನು ಅವ್ವನ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಹೋದೆ. ಶಾಲೆಯ ಗೋಡೆಯ ತುಂಬ ಬೆಳ್ಳಕ್ಕಿಗಳು. ಹೊಲದಲ್ಲಿ, ಹೊಳೆಯ ದಂಡೆಯಲ್ಲಿ, ಎಮ್ಮೆಯ ಬೆನ್ನ ಮೇಲೆ. ನಡುವೆ ಹೂಹಾರ ಹಾಕಿದ ಸರ್ ಫೋಟೋ, ಅದರ ಕೆಳಗೆ ನನ್ನದಕ್ಕೆ ಜಾಗ ಬಿಟ್ಟಿದ್ದರು. ಕತ್ತಲಲ್ಲಿ ಮುಚ್ಚಿಟ್ಟಿದ್ದಕ್ಕೆ ಅರಿಶಿನ ನಿನ್ನೆ ಹಚ್ಚಿದಂತಿತ್ತು. ಅದರ ಮೇಲೆ ಬೆಳ್ಳಕ್ಕಿಯೂ ಅಷ್ಟೇ ಎದ್ದು ಕಾಣುತ್ತಿತ್ತು. ಸಿಟ್ಟಿನಲ್ಲಿ ನಾನೇ ಅದನ್ನು ಇಷ್ಟು ದಿನ ಕಾಪಾಡಿದ್ದೆ.

ಮಾತಾಡಿದವರೆಲ್ಲ ಆ ಚಿತ್ರದ ಕಡೆ ಕೈ ತೋರಿಸಿ ಮಾತಾಡಿದರು. ಮುಗಿದ ಮೇಲೆ ಸರ್ ಹೆಂಡತಿ, ನಾವೆಲ್ಲ ಕಾಕು ಎನ್ನುತ್ತಿದ್ದವರು, ನನ್ನ ಕೈ ಹಿಡಿದುಕೊಂಡರು.

"ತಂಗಿ, ಒಂದು ಕೇಳ್ತೇನಿ, ಇಲ್ಲ ಅನಬ್ಯಾಡ. ಮಂದಿ ಮನೀ ತುಂಬ ಇವರ ಬೆಳ್ಳಕ್ಕಿ ಅದಾವು. ನಮ್ಮ ಮನ್ಯಾಗ ಇವರು ತಗದದ್ದು ಒಂದೂ ಇಲ್ಲವಾ. ಕೇಳಿದಾಗೆಲ್ಲಾ ನಾಳೆ, ನಾಡದು ಅಂತಿದ್ರು. ಇದೊಂದು ನನಗ ಕೊಡತೀಯೇನು? ಎಲ್ಲಾರೂ ಇದೇ ಅವರದು ದೊಡ್ಡ ಚಿತ್ರ ಅಂತಾರ."

ಕೊಟ್ಟುಬಿಡು ಎಂದಿತು ಒಂದು ಮನಸ್ಸು. ಸುತ್ತ ನಿಂತವರ ಮುಖಗಳೂ ಅದನ್ನೇ ಹೇಳುತ್ತಿದ್ದವು. ಆದರೆ ಇನ್ನೊಮ್ಮೆ ಚಹಾ ತರಲು ಹೋಗುವವಳು ನಾನಲ್ಲ.

"ಕಾಕೂ, ಬೆಳ್ಳಕ್ಕಿ ಅಷ್ಟೇ ಸರ್‌ದು. ಉಳಿದದ್ದು ನಾ ತಗದದ್ದು. ಈಕಿ ನಮ್ಮವ್ವ. ನಾನು ಊಟಕ್ಕ ಹೋದಾಗ ಸರ್ ಅದನ್ನ ಹಾಕಿದ್ರು. ಮಂದಿ ಅವರದು ಅಂದಾಗ ಅಲ್ಲ ಅನಲಿಲ್ಲ."

ಯಾರೋ "ಏ, ಇಂಥಾ ಹೊತ್ತಿನ್ಯಾಗ..." ಎಂದರು. ಕಾಕು ಅವರಿಗೆ ಕೈ ಮಾಡಿ ತಡೆದರು. ಚಿತ್ರವನ್ನು ಬಹಳ ಹೊತ್ತು ನೋಡಿದರು, ಆಮೇಲೆ ಗೋಡೆಯ ತುಂಬ ಇದ್ದ ಬೇರೆಯವರ ಹೊಲ, ಬೇರೆಯವರ ಹೊಳೆ, ಬೇರೆಯವರ ಎಮ್ಮೆಗಳನ್ನು ಒಂದೊಂದಾಗಿ ನೋಡಿದರು.

"ಹಂಗಾದ್ರ ಇವರು ಏನೂ ತಗದಿಲ್ಲೇನವಾ?"

"ಬೆಳ್ಳಕ್ಕಿ ತಗದಾರ್ರಿ" ಎಂದೆ. ಚಿತ್ರವನ್ನು ಸೀರೆಯಲ್ಲಿ ಸುತ್ತಿಕೊಂಡು ಬಂದುಬಿಟ್ಟೆ. ಬಸ್ಸಿನ ತುಂಬ ಆ ಮುದುಕಿಯ ಮುಖವೇ ಕಣ್ಣಮುಂದೆ. ಸರ್ ಮಾಡಿದ ತಪ್ಪನ್ನು ಅವರ ಹೆಂಡತಿಗೆ ನಾನು ಮುಟ್ಟಿಸಬೇಕಾಯಿತು, ಅದಕ್ಕೂ ನನಗೆ ಅವರ ಮೇಲೆಯೇ ಸಿಟ್ಟು. ಅವರು ಯಾಕೆ ಹಾಗೆ ಮಾಡಿದರೆಂದು ನನಗೆ ಅರ್ಥವಾಗದೆ ಇಲ್ಲ. ಅರ್ಥವಾದಷ್ಟೂ ಸಿಟ್ಟು ಹೆಚ್ಚುತ್ತದೆ.

ಈಗ ಚಿತ್ರ ನನ್ನ ಹಾಸ್ಟೆಲ್ ಕೋಣೆಯಲ್ಲಿದೆ. ಪಶ್ಚಿಮದ ಬಿಸಿಲು ನೇರ ಬೀಳುವ ಗೋಡೆಯನ್ನೇ ಆರಿಸಿ ಹಾಕಿದ್ದೇನೆ. ಮೊದಮೊದಲು ಕೋಣೆಗೆ ಬಂದವರೆಲ್ಲ "ಬೆಳ್ಳಕ್ಕಿ ಎಷ್ಟು ಚೆನ್ನಾಗಿದೆ" ಎನ್ನುತ್ತಿದ್ದರು. ಒಂದು ಬೇಸಿಗೆ ಕಳೆಯಿತು. ಅರಿಶಿನ ದಿನದಿನಕ್ಕೆ ಇಳಿದು ಕಾಗದದ ಬಿಳುಪು ಬರುತ್ತಿದೆ, ಬಿಳಿಯಲ್ಲಿ ಬಿಳಿ ಕರಗುತ್ತಿದೆ. ಅದರ ಜೊತೆ ನನ್ನ ಆ ಸಂಜೆಯ ಬೆಳಕೂ ಹೋಗುತ್ತಿದೆ, ಗೊತ್ತು. ಮಸಿ ಹಾಗೇ ಇದೆ. ಒಲೆಯ ಮುಂದೆ ಅವ್ವ ಹಾಗೇ ಇದ್ದಾಳೆ.

ಮೊನ್ನೆ ಹೊಸದಾಗಿ ಬಂದ ರೂಮ್‌ಮೇಟ್ ಚಿತ್ರದ ಹತ್ತಿರ ಹೋಗಿ, ಕಣ್ಣು ಕಿರಿದು ಮಾಡಿ ನೋಡಿದಳು. "ಕಿಟಕಿಯಲ್ಲಿ ಏನೋ ಮಸುಕಾಗಿ ಇದ್ದ ಹಾಗಿದೆಯಲ್ಲೇ, ಏನದು?"

"ನಮ್ಮ ಸರ್" ಎಂದೆ.